ಭಾನುವಾರ ಕೂಟಕ್ಕೆ ಬಂದವರಿಗೆ, ಅದಕ್ಕಿಂತ ಮೊದ್ಲು ನನ್ನ ಮಾತು ನಂಬಿದವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ ನಮ್ಮ ಭಜನಾ ಮಂದಿರದಲ್ಲಿ ಆದ ತಾಳಮದ್ದಳೆಯಲ್ಲಿ ನಾನು ವಿದುರನ ಅರ್ಥ ಹೇಳಿದೆ. ಕೆಲವು ವರ್ಷದಿಂದ ಕೂತಿರ್ಲಿಲ್ಲ, ಇನ್ನು ಕೂರುದು ಆಗ್ಲಿಕ್ಕಿಲ್ಲ ಅಂತ್ಲೇ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಆವತ್ತಿಂದ ಫೋನು ಮೆಸೇಜು ಬರ್ತಾನೇ ಉಂಟು, ಒಬ್ಬೊಬ್ಬರಿಗೆ ಉತ್ತರ ಟೈಪ್ ಮಾಡ್ಲಿಕ್ಕೆ ಬೆರಳಿಗೆ ಕಷ್ಟ, ಹಾಗಾಗಿ ಇದನ್ನು ನಾನು ಹೇಳ್ತಾ ಹೋಗಿದ್ದೇನೆ, ಮಗಳು ಟೈಪ್ ಮಾಡಿದ್ದಾಳೆ.

ನನಗೆ ಪಾರ್ಕಿನ್ಸನ್ ಅಂತ ಮೆದುಳಿನ ಕಾಯಿಲೆ ಇರುದು ಊರಿಗೆಲ್ಲ ಗೊತ್ತುಂಟು. ಬಲಗೈ ನಡುಗುದು, ಹೆಜ್ಜೆ ಸಣ್ಣ ಆದದ್ದು, ಸ್ವರ ಇಳಿದದ್ದು ಎಲ್ಲ ಎದುರಿಗೆ ಕಾಣ್ತದೆ. ಕಾಣುವ ಕಷ್ಟಕ್ಕೆ ಜನ ಕೇಳದೇ ಬರ್ತಾರೆ, ಬಸ್ಸಲ್ಲಿ ಸೀಟು ಬಿಟ್ಟುಕೊಡ್ತಾರೆ, ಮದುವೆ ಮನೆಯಲ್ಲಿ ಪಾಯಸ ಬಡಿಸುವ ಹುಡುಗರು ಗ್ಲಾಸಿಗೆ ಅರ್ಧವೇ ಹಾಕಿ ಮತ್ತೆ ಇನ್ನೊಮ್ಮೆ ಬರ್ತಾರೆ. ಅವರೆಲ್ಲರ ಋಣ ನನ್ನ ಮೇಲೆ ಉಂಟು. ಆದ್ರೆ ಇವತ್ತು ಮುಖ್ಯವಾಗಿ ಹೇಳ್ಬೇಕಾದ್ದು, ಕಾಣದ ಒಂದು ಕಷ್ಟವನ್ನು ನಾನು ಬಾಯಲ್ಲಿ ಹೇಳಿದಾಗ ಹೌದು ಅಂತ ಒಪ್ಪಿಕೊಂಡವರಿಗೆ.

ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳ್ಬೇಕು. ಅದು ಯಕ್ಷಗಾನದ್ದೇ ಒಂದು ರೂಪ, ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ, ಅಂದ್ರೆ ಹಾಡು, ಹೇಳ್ತಾರೆ, ಅದನ್ನು ಹಿಡ್ಕೊಂಡು ಅರ್ಥಧಾರಿ ಆಗಿಂದಾಗ ಮಾತು ಕಟ್ಟಬೇಕು, ಎದುರಿನವರು ಹಾಕಿದ ಪ್ರಶ್ನೆ ನೆನಪಲ್ಲಿ ಇಟ್ಕೊಳ್ಬೇಕು, ಅವರು ಮುಗಿಸುವಷ್ಟರಲ್ಲಿ ಉತ್ತರ ರೆಡಿ ಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಇದು ನಮಗೆ ಸಣ್ಣಂದಿನಿಂದ ಕೇಳಿ ಬಂದದ್ದು. ಮಾಷ್ಟ್ರ ಕೆಲಸ ಒಂದು ಕಡೆ, ಈ ಕೂಟ ಒಂದು ಕಡೆ, ಎರಡರಲ್ಲೂ ನನ್ನ ಬದುಕು ಮಾತಿನಲ್ಲೇ ಇದ್ದದ್ದು. ಆ ಮಾತು ನಿಧಾನ ಆಗ್ಲಿಕ್ಕೆ ಶುರುವಾದಾಗ ಮೊದ್ಲು ಗೊತ್ತಾದದ್ದು ನನಗೊಬ್ಬನಿಗೇ.

ಹೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ, ವಯಸ್ಸಾಯ್ತಲ್ಲ ಮಾಷ್ಟ್ರೇ, ನಮಗೂ ಮರೀತದೆ. ಪ್ರೀತಿಯಿಂದಲೇ ಹೇಳಿದ್ದು, ಗೊತ್ತುಂಟು. ಆದ್ರೆ ನನಗೆ ಆಗ್ತಾ ಇದ್ದದ್ದು ಬೇರೆ. ಪುರಾಣದ ಕಥೆ ಒಂದೂ ಮರೆತಿರ್ಲಿಲ್ಲ. ಬೇಕಾದ ಹೊತ್ತಿಗೆ ಬೇಕಾದ ಶಬ್ದ ಬರುದಿಲ್ಲ, ಅಷ್ಟೇ, ಅರ್ಧ ಗಂಟೆ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಅದೇ ಶಬ್ದ ತನ್ನಷ್ಟಕ್ಕೆ ಬರ್ತದೆ. ಒಂದು ಕೂಟದಲ್ಲಿ ಕೌರವನ ಅರ್ಥ ಹೇಳ್ತಾ ಇರುವಾಗ ವಾದದ ನಡುವೆ ಎಳೆ ತಪ್ಪಿ ಹೋಯ್ತು, ಭಾಗವತರು ತಕ್ಷಣ ಮುಂದಿನ ಪದ ಎತ್ತಿ ಕಾಪಾಡಿದ್ರು, ಸಭೆಗೆ ಗೊತ್ತೇ ಆಗ್ಲಿಲ್ಲ. ಅದಾದ ಮೇಲೆ ನಾನು ಕೂಟ ಬಿಟ್ಟೆ. ಕೈ ನಡುಕಕ್ಕೆ ಬಿಟ್ಟದ್ದು ಅಂತ ಊರವರು ತಿಳ್ಕೊಂಡ್ರು.

ಮೊದ್ಲು ನಂಬಿದ್ದು ನನ್ನ ಹೆಂಡತಿ. ಅವಳು ಸಮಾಧಾನ ಎಂತದ್ದೂ ಹೇಳ್ಲಿಲ್ಲ, ಮಕ್ಕಳ ಹಳೇ ನೋಟ್‌ಬುಕ್ ಒಂದು ತಂದು ಎದ್ರು ಇಟ್ಟು, ಆಗುದನ್ನು ಆಗುವಾಗಲೇ ಹೇಳಿ, ನಾನು ಬರೀತೇನೆ, ಡಾಕ್ಟ್ರಿಗೆ ತೋರಿಸುವ ಅಂದ್ಲು. ಆ ಪುಸ್ತಕ ಈಗ್ಲೂ ಉಂಟು. ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ನಾನು ಹೇಳ್ಬೇಕಾದ್ದು ಬಾಯಿಗೆ ಬರುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿ ಆಗಿರ್ತದೆ ಅಂತ ಒಂದು ಕಡೆ ಉಂಟು. ಫೋನಲ್ಲಿ ಮಾತಾಡ್ತಾ ಗೇಟಿನ ಚಿಲಕ ಹಾಕ್ಲಿಕ್ಕೆ ಆಗುದಿಲ್ಲ, ಎರಡರಲ್ಲಿ ಒಂದು ನಿಲ್ತದೆ. ಅಡಿಕೆ ಕೊಟ್ಟ ಲೆಕ್ಕ ಕೂಡಿಸುವಾಗ ನಡುವೆ ಯಾರಾದ್ರೂ ಕರೆದ್ರೆ ಮತ್ತೆ ಮೊದಲಿಂದ. ಮಹಾಭಾರತದ ಒಂದು ಪುಟ ಓದಿ ಮುಗಿಸಿ ಓದಿದ್ದೆಂತ ಅಂತ ಪುನಃ ಅದೇ ಪುಟ. ಪೇಟೆಗೆ ಹೋಗುದಾದ್ರೆ ಮೊದ್ಲು ಬ್ಯಾಂಕಾ ಮೆಡಿಕಲ್ಲಾ ಅಂತ ಕ್ರಮ ಹಾಕ್ಲಿಕ್ಕೇ ಹೊತ್ತು ಹೋಗ್ತದೆ. ಇದನ್ನೆಲ್ಲ ಅವಳು ತನ್ನ ಅಕ್ಷರದಲ್ಲಿ, ನನ್ನ ಮಾತಲ್ಲೇ, ಒಂದನ್ನೂ ತಿದ್ದದೆ ಬರೆದಿಟ್ಟಿದ್ದಾಳೆ.

ಎರಡನೆಯದ್ದು ಮಂಗಳೂರಿನ ನ್ಯೂರಾಲಜಿ ಡಾಕ್ಟ್ರು. ಅದಕ್ಕೆ ಮೊದ್ಲು ಒಂದು ಕಡೆ ನೆನಪಿನ ಟೆಸ್ಟು ಮಲಯಾಳದಲ್ಲಿ ಮಾಡಿದ್ರು. ನನಗೆ ಮಲಯಾಳ ಬರ್ತದೆ, ಬಸ್ಸಿಗೆ ಅಂಗಡಿಗೆ ಪಂಚಾಯತಿಗೆ ಸಾಕು, ಆದ್ರೆ ಒಂದು ಅಕ್ಷರ ಕೊಟ್ಟು ಒಂದು ನಿಮಿಷದಲ್ಲಿ ಆದಷ್ಟು ಪದ ಹೇಳಿ ಅಂದ್ರೆ ಹುಟ್ಟಿದ ಭಾಷೆಯಲ್ಲಿ ಬಂದ ಹಾಗೆ ಬರ್ತದಾ? ಮಂಗಳೂರಿನ ಈ ಡಾಕ್ಟ್ರು ಎಲ್ಲವನ್ನೂ ಕನ್ನಡದಲ್ಲಿ ಪುನಃ ಮಾಡಿಸಿದ್ರು. ಮೋಕಾ ಅಂತ ಅದರ ಹೆಸರು, ಗಡಿಯಾರ ಬಿಡಿಸುದು, ನೂರರಿಂದ ಏಳೇಳು ಕಳೀತಾ ಹೋಗುದು, ಐದು ಪದ ಹೇಳಿ ಆಮೇಲೆ ಕೇಳುದು, ಒಟ್ಟು 30 ಮಾರ್ಕು, 26 ಮತ್ತು ಮೇಲೆ ಬಂದ್ರೆ ಸಾಮಾನ್ಯ ಅಂತ ಲೆಕ್ಕ. ನನ್ನದು ಅದಕ್ಕಿಂತ ಮೇಲೆಯೇ ಬಂತು. ಇನ್ನು ಇವರೂ ನಂಬ್ಲಿಕ್ಕಿಲ್ಲ ಅಂತ ನಾನು ಎದ್ದು ನಿಂತಿದ್ದೆ. ಅವರು ಕೂರಿ ಮಾಷ್ಟ್ರೇ ಅಂತ ಹೇಳಿ ನೋಟ್‌ಬುಕ್ ಪೂರ್ತಿ ಓದಿದ್ರು, ಹೊರಗೆ ಕ್ಯೂ ಇದ್ರೂ ಓದಿದ್ರು. ನೀವು ಮೊದ್ಲು ಎಲ್ಲಿ ಇದ್ರಿ ಅಂತ ಈ ಟೆಸ್ಟಿಗೆ ಗೊತ್ತಿಲ್ಲ, ಅದು ನಿಮಗೇ ಗೊತ್ತಿರುದು, ಮಾರ್ಕು ಚೆನ್ನಾಗಿ ಬಂದ್ರೂ ನೀವು ಹೇಳುದು ಸುಳ್ಳಾಗುದಿಲ್ಲ ಅಂದ್ರು. ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಮೊದ್ಲು ವಿವರವಾಗಿ ಬರೆದಾಗ ಇಂದ್ರಿಯಕ್ಕೂ ಬುದ್ಧಿಗೂ ಇದರಿಂದ ಎಂತ ಹಾನಿ ಇಲ್ಲ ಅಂತ ಬರೆದಿದ್ರಂತೆ. ತುಂಬಾ ಕಾಲ ಇದು ಕೈಕಾಲಿನ ಕಾಯಿಲೆ ಅಂತ್ಲೇ ನೋಡಿದ್ದು. ಈಗ ಗೊತ್ತುಂಟು, ಯೋಚನೆ ನಿಧಾನ ಆಗುದು, ಗಮನ ನಿಲ್ಲದ್ದು, ಶಬ್ದ ಸಿಗದ್ದು ಎಲ್ಲ ಇದರ ಒಳಗೇ ಬರ್ತದೆ ಅಂತ. ಅಮೆರಿಕದ ಮೈಕಲ್ ಜೆ. ಫಾಕ್ಸ್ ಫೌಂಡೇಶನ್ನಿನವರ ಫಾಕ್ಸ್ ಇನ್‌ಸೈಟ್ ಅಂತ ಒಂದು ಆನ್‌ಲೈನ್ ಅಧ್ಯಯನ ನಡೆದಿತ್ತಂತೆ, ಅದರಲ್ಲಿ ಕಾಯಿಲೆ ಇರುವವರ ಹತ್ರವೇ ನಿಮಗೆ ಹೆಚ್ಚು ತೊಂದ್ರೆ ಕೊಡುವ ಐದು ವಿಷಯ ನಿಮ್ಮ ಮಾತಲ್ಲಿ ಬರೀರಿ ಅಂತ ಕೇಳಿದ್ರು ಅಂತ ಮಗಳು ಓದಿ ಹೇಳಿದ್ಲು. ನನ್ನ ಹೆಂಡತಿ ಅಡುಗೆಮನೆ ಮೇಜಿನಲ್ಲಿ ಕೂತು ಮಾಡಿದ್ದೂ ಇದೇ ಕೆಲಸ.

ಡಾಕ್ಟ್ರು ಸುಳ್ಳು ಧೈರ್ಯ ಕೊಡ್ಲಿಲ್ಲ, ಅದಕ್ಕೂ ಥ್ಯಾಂಕ್ಸ್. ಹೀಗೆ ತಾವೇ ಹೇಳಿಕೊಳ್ಳುವವರಲ್ಲಿ ಕೆಲವರಿಗೆ ಮುಂದೆ ಮರೆವು ಜಾಸ್ತಿ ಆಗ್ಬಹುದು, ಎಲ್ಲರಿಗೂ ಆಗುದಿಲ್ಲ, ಬೇಸರ, ನಿದ್ದೆ ಕಮ್ಮಿ, ಬಿ12, ಥೈರಾಯ್ಡ್ ಇದರಿಂದಲೂ ಹೀಗೆ ಅನ್ನಿಸ್ಲಿಕ್ಕೆ ಉಂಟು ಅಂತ ಎಲ್ಲ ಪರೀಕ್ಷೆ ಮಾಡಿಸಿದ್ರು. ಮತ್ತೆ ನನ್ನ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹಾಕಿಸಿ ಒಂದನ್ನು ಬದಿಗೆ ಇಟ್ರು, ಟ್ರೈಹೆಕ್ಸಿಫೆನಿಡಿಲ್. ಅದು ನಡುಕಕ್ಕೆ ಕೊಡುದು, ಆದ್ರೆ ಮೆದುಳಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅಂಬ ರಾಸಾಯನಿಕದ ಕೆಲಸಕ್ಕೆ ಅದು ಅಡ್ಡ ಬರ್ತದೆ, ವಯಸ್ಸಾದವರಿಗೆ ಮಂಕು ಹಿಡಿಸ್ತದೆ. ಕಮ್ಮಿ ಮಾಡಿದ್ರೆ ತಲೆ ಸ್ವಲ್ಪ ತಿಳಿ ಆಗ್ಬಹುದು, ಕೈ ಜಾಸ್ತಿ ನಡುಗ್ಬಹುದು, ನಿಮಗೆ ಯಾವುದು ಬೇಕು ಅಂತ ನನ್ನ ಹತ್ರವೇ ಕೇಳಿದ್ರು. ಕೈ ನಡುಗಿದ್ರೆ ನಡುಗ್ಲಿ, ನನಗೆ ಮಾತು ಬೇಕು ಅಂದೆ. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿದ್ರು. ಯಾರೂ ಇದನ್ನು ಓದಿ ಮಾತ್ರೆ ತಾವಾಗಿ ನಿಲ್ಲಿಸ್ಬೇಡಿ, ಒಮ್ಮೆಗೇ ಬಿಟ್ರೆ ತೊಂದ್ರೆ ಆಗ್ತದೆ. ನನಗೆ ಕೈ ಹೆಚ್ಚು ನಡುಗಿದ್ದು ಹೌದು, ಚಾ ಗ್ಲಾಸಿಗೆ ಈಗ ಎರಡು ಕೈ ಬೇಕು. ಓದಿದ ಪುಟ ಮಾತ್ರ ನಿಲ್ತದೆ.

ಶಬ್ದಕ್ಕೆ ತಡಕಾಡುದು ಪೂರ್ತಿ ಹೋಗ್ಲಿಲ್ಲ. ನಮ್ಮಂಥವರಿಗೆ ಹೆಚ್ಚಾಗಿ ವಿಷಯ ಒಳಗೆ ಇರ್ತದೆ, ಸುಳಿವು ಸಿಕ್ಕಿದ್ರೆ ಹೊರಗೆ ಬರ್ತದೆ ಅಂತ ಡಾಕ್ಟ್ರು ಹೇಳಿದ್ದನ್ನು ನಾನು ಭಾಗವತರಿಗೆ ಹೇಳಿದೆ. ಅವರು ನನಗಿಂತ ತುಂಬಾ ಸಣ್ಣವರು, ಸ್ವಲ್ಪ ಯೋಚನೆ ಮಾಡಿ, ಹಾಗಾದ್ರೆ ಪದ ನಿಮಗೆ ಸುಳಿವೇ ಅಲ್ವಾ ಮಾಷ್ಟ್ರೇ, ಎಲ್ಲಿಯಾದ್ರೂ ನಿಂತ್ರೆ ಅದೇ ಪದದ ಕೊನೆ ಸಾಲು ನಾನು ಇನ್ನೊಮ್ಮೆ ಎತ್ತುತ್ತೇನೆ ಅಂದ್ರು. ಆಮೇಲೆ ಸಂಜೆ ಸಂಜೆ ಮನೆಗೆ ಬಂದು ನನ್ನೊಟ್ಟಿಗೆ ಕೂತು ಅಭ್ಯಾಸ ಮಾಡಿದ್ರು, ಒಂದು ರೂಪಾಯಿ ತಕ್ಕೊಳ್ಳದೆ, ಬೈಕಿನ ಪೆಟ್ರೋಲಿಗೂ ತಕ್ಕೊಳ್ಳದೆ. ಅವರಿಗೆ ನಾನು ಹೇಗೆ ಕೃತಜ್ಞತೆ ಹೇಳ್ಲಿ. ಮದ್ದಳೆಯವರೂ ಆ ಜಾಗಗಳಲ್ಲಿ ಕೈ ತಗ್ಗಿಸಿ ಕಾದ್ರು.

ಸಂಘದವರು ನನಗೋಸ್ಕರ ಇರುಳಿನ ಕೂಟವನ್ನು ಮಧ್ಯಾಹ್ನ ಮೂರು ಗಂಟೆಗೆ ತಂದ್ರು, ಯಾಕಂದ್ರೆ ಪಾರ್ಕಿನ್ಸನಿಗೆ ಕೊಡುವ ಮುಖ್ಯ ಮಾತ್ರೆ ಲಿವೊಡೋಪ ಕೆಲಸ ಮಾಡುವ ಹೊತ್ತಲ್ಲಿ ನನ್ನ ಯೋಚನೆಯೂ ಚುರುಕು, ಅದು ಇಳಿದಾಗ ಮೈಯೊಟ್ಟಿಗೆ ತಲೆಯೂ ಇಳೀತದೆ. ಮಾತ್ರೆ ಊಟಕ್ಕಿಂತ ಮೊದ್ಲೇ ಆಗ್ಬೇಕು ಅಂತ ಮಂದಿರದ ಅಡುಗೆಯವರು ಎಲೆ ಹಾಕುವ ಮೊದ್ಲು ನನ್ನನ್ನು ಕರೆದು ನೀರು ಕೊಟ್ರು. ಮೈಕಿನ ಹುಡುಗ ನನ್ನ ಸ್ವರಕ್ಕೆ ಬೇರೆ ಮೈಕು ಕಟ್ಟಿ ತಂದಿದ್ದ. ಎದುರು ಕೌರವನ ಅರ್ಥ ಹೇಳಿದ ನನ್ನ ಭಾವ ಒಂದು ಸಲಕ್ಕೆ ಒಂದೇ ಪ್ರಶ್ನೆ ಹಾಕಿದ್ರು, ಹಾಕಿ ಕಾದ್ರು, ವಾದದಲ್ಲಿ ಮಾತ್ರ ಒಂದಿಷ್ಟೂ ರಿಯಾಯಿತಿ ಕೊಡ್ಲಿಲ್ಲ. ಅದೇ ನನಗೆ ದೊಡ್ಡ ಮರ್ಯಾದೆ. ಎರಡು ಕಡೆ ನಾನು ನಿಂತೆ, ಎರಡು ಕಡೆಯೂ ಪದ ಬಂತು, ಮಾತು ಬಂತು.

2020ರಲ್ಲಿ ಲಾಕ್‌ಡೌನಿಗೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಮಾತ್ರೆ ಬಾರದೆ ಇದ್ದಾಗ ಎಲ್ಲಿಂದೆಲ್ಲಿಂದಲೋ ತರಿಸಿಕೊಟ್ಟ ಮೆಡಿಕಲ್ಲಿನವರಿಗೆ ಆಗ ಸರಿಯಾಗಿ ಹೇಳ್ಲಿಕ್ಕೆ ಆಗಿರ್ಲಿಲ್ಲ, ಈಗ ಹೇಳ್ತೇನೆ. ಪ್ರತಿ ತಿಂಗಳು ಮನೆಗೆ ಬರುವ ಪಂಚಾಯತಿನ ಪಾಲಿಯೇಟಿವ್, ಅಂದ್ರೆ ದೀರ್ಘ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವ, ನರ್ಸಮ್ಮನಿಗೂ. ಬಿಪಿ ನೋಡಿ ಆದ ಮೇಲೆ ಮಾಷೇ, ಈ ತಿಂಗಳು ತಲೆ ಹೇಗೆ ಉಂಟು ಅಂತ ಕೇಳುವವರು ಅವರು, ಕೇಳಿ ಉತ್ತರ ಬರುವವರೆಗೆ ಕೂರ್ತಾರೆ.

ಮಂಜೇಶ್ವರ, ಪೆರ್ಲ, ಮುಳ್ಳೇರಿಯ ಕಡೆಯಿಂದ ಮೂರ್ನಾಲ್ಕು ಜನ ನಮ್ಮ ಮನೆಯಲ್ಲೂ ಹೀಗೇ ಅಂತ ಮೆಸೇಜ್ ಮಾಡಿದ್ದೀರಿ. ಒಮ್ಮೆ ಮನೆಗೆ ಬನ್ನಿ, ನೋಟ್‌ಬುಕ್ ತೋರಿಸ್ತೇನೆ, ಹೇಗೆ ಬರೆದದ್ದು ಅಂತ ಹೆಂಡತಿ ಹೇಳ್ತಾಳೆ. ಬೆಳಿಗ್ಗೆ ಹತ್ತರ ನಂತರ ಬಂದ್ರೆ ನನಗೆ ಮಾತಾಡ್ಲಿಕ್ಕೆ ಒಳ್ಳೆ ಹೊತ್ತು.