ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಮನೆ ಹುಡುಕ್ತಿರೋರಿಗೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ಗೆ ಸಸೆಕ್ಸ್ ಯೂನಿವರ್ಸಿಟಿಗೆ ಬರೋರು, ಊರೊಳಗೇ ಮನೆ ಬದಲಿಸೋರು ದಯವಿಟ್ಟು ಓದಿ.

ಕ್ಯಾಂಪಸ್ ಇರೋದು ಫಾಲ್ಮರ್‌ನಲ್ಲಿ, ಸಮುದ್ರದ ದಡದಲ್ಲಲ್ಲ. ಲೂಯಿಸ್ ರೋಡ್ ಆಸುಪಾಸಿನಲ್ಲಿ ಸಿಕ್ಕರೆ 25ನೇ ನಂಬರ್ ಬಸ್ಸು ನೇರ. ಹ್ಯಾನೋವರ್ ಏರಿಯಾ ಚೆಂದ, ಆದರೆ ಕಡಿದಾದ ಏರು. ದಿನಸಿ ಹೊತ್ತು ಹತ್ತುವಾಗ ಗೊತ್ತಾಗುತ್ತೆ.

ಕೆಂಪ್‌ಟೌನ್, ಬ್ರನ್ಸ್‌ವಿಕ್ ಕಡೆಯ ಹಳೇ ಕಟ್ಟಡಗಳಲ್ಲಿ ಬೇಸ್‌ಮೆಂಟ್ ಫ್ಲ್ಯಾಟ್ ನೋಡೋದಾದರೆ ಬೀರು ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡಿ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರ್ತಿದ್ದರೆ ತೇವ ಗೋಡೆಯೊಳಗಿಂದಲೇ ಬರ್ತಿದೆ. ಹೊಸದಾಗಿ ಪೇಂಟ್ ಹೊಡೆಸಿಕೊಡ್ತೀವಿ ಅಂದರೆ ಒಪ್ಪಬೇಡಿ, ಮತ್ತೆ ಕಿತ್ತು ಬರುತ್ತೆ.

ದುಡ್ಡಿನ ವಿಷಯ: ಮನೆ ಹಿಡಿದಿಡೋಕೆ ಒಂದು ವಾರದ ಬಾಡಿಗೆ, ಡಿಪಾಸಿಟ್ಟು ಐದು ವಾರದ್ದು. ವರ್ಷದ ಬಾಡಿಗೆ 50,000 ಪೌಂಡ್ ಒಳಗಿದ್ದರೆ ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಡಿಪಾಸಿಟ್ಟನ್ನು 30 ದಿನದೊಳಗೆ ಸರ್ಕಾರಿ ಮಾನ್ಯತೆಯ ಸ್ಕೀಮ್‌ನಲ್ಲಿಟ್ಟು ನಿಮಗೆ ವಿವರ ಕೊಡಬೇಕು. ಮಾಲೀಕರ ಮನೆಯಲ್ಲೇ ರೂಮ್ ಹಿಡಿದರೆ ಈ ಸ್ಕೀಮ್ ರಕ್ಷಣೆ ಇಲ್ಲ. ಮನೆ ನೋಡದೆ ದುಡ್ಡು ಹಾಕಲೇಬೇಡಿ. ಈಗಾಗಲೇ ಬ್ರೈಟನ್‌ನಲ್ಲಿ ಇರೋರು ಹೋಗಿ ವಿಡಿಯೋ ಕಾಲ್ ಮಾಡಿ ತೋರಿಸ್ತಾರೆ.

ಶೇರಿಂಗ್‌ಗೆ ತಯಾರಿರೋರು ಭಾನುವಾರ ರಾತ್ರಿಯೊಳಗೆ ಬಜೆಟ್ ಮತ್ತು ಬರೋ ತಾರೀಖು ಇಲ್ಲಿ ಹಾಕಿ. ಪಾಸ್‌ಪೋರ್ಟ್ ಫೋಟೊ, ಶೇರ್ ಕೋಡ್ (ವೀಸಾ ಸ್ಥಿತಿ ತೋರಿಸೋಕೆ ಕೊಡೋ ಆನ್‌ಲೈನ್ ಕೋಡ್) ಗುಂಪಿಗೆ ಬೇಡ.