ಭಾನುವಾರದಿಂದ ರಸ್ಟ್ ಅನಲೈಜರ್ ಓದೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದಿಂದ ರಸ್ಟ್ ಅನಲೈಜರ್‌ನ ಕೋಡ್ ಓದಲು ಶುರು ಮಾಡುತ್ತಿದ್ದೇವೆ. ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವಾಗ ಎಡಿಟರ್ ಒಳಗೆ ಸಲಹೆ ಕೊಡುವ ಸಾಧನ ಇದು. 2018ರಲ್ಲಿ ಪ್ರಯೋಗ ಅಂತ ಹುಟ್ಟಿದ, ಕೋಡ್ ಓದಿ ಅರ್ಥ ಮಾಡಿಕೊಳ್ಳುವ ಕಂಪೈಲರ್ ಫ್ರಂಟ್‌ಎಂಡ್. 2022ರಲ್ಲಿ, ಇದೇ ಕೆಲಸ ಮಾಡುತ್ತಿದ್ದ ಹಳೆಯ ಸಾಧನ ಆರ್‌ಎಲ್‌ಎಸ್ ಜಾಗಕ್ಕೆ ಇದೇ ಬಂತು.

ರಸ್ಟ್ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಕಂಪೈಲರ್ ಈಗಾಗಲೇ ಇದೆಯಲ್ಲ, ಇನ್ನೊಂದು ಯಾಕೆ ಅಂತ ಕೆಲವರು ಕೇಳಿದ್ದಿರಿ. ಎಡಿಟರ್ ತೆರೆದು ಒಂದು ವೇರಿಯಬಲ್ ಬರೆದು, ಚುಕ್ಕಿ ಹಾಕಿ ಅಲ್ಲೇ ನಿಲ್ಲಿಸಿ. ಕಂಪೈಲರ್‌ಗೆ ಅದು ಬರೀ ತಪ್ಪು. ಎಡಿಟರ್‌ಗೆ ಅದೇ ಮುಖ್ಯ ಗಳಿಗೆ, ಅಲ್ವಾ? ಮುಂದೆ ಯಾವ ಮೆಥಡ್ ಬರಬಹುದು ಅಂತ ಥಟ್ಟನೆ ತೋರಿಸಬೇಕು. ಅದಕ್ಕೇ ಇಲ್ಲಿನ ಪಾರ್ಸರ್ (ಕೋಡ್ ಓದಿ ಬಿಡಿಸುವ ಭಾಗ) ಅರ್ಧಂಬರ್ಧ ಕೋಡಿಗೂ ಸಿಂಟ್ಯಾಕ್ಸ್ ಮರ, ಅಂದರೆ ಕೋಡಿನ ರಚನೆಯ ನಕ್ಷೆ, ಕಟ್ಟುತ್ತದೆ. ಕಾಮೆಂಟು, ಖಾಲಿ ಜಾಗ ಎಲ್ಲವೂ ಮರದಲ್ಲಿ ಉಳಿಯುತ್ತವೆ. ಆ ಮರದಿಂದ ಮೂಲ ಫೈಲನ್ನು ಒಂದಕ್ಷರವೂ ತಪ್ಪದೆ ಮತ್ತೆ ಪಡೆಯಬಹುದು. ನನಗೆ ತುಂಬಾ ಇಷ್ಟವಾದ ಭಾಗ ಇದು.

ಒಂದು ಫಂಕ್ಷನ್ ಒಳಗೆ ಏನೋ ಬದಲಿಸಿದರೆ ಉಳಿದ ಫಂಕ್ಷನ್‌ಗಳ ಟೈಪ್ ಲೆಕ್ಕವನ್ನು (ಯಾವ ಮೌಲ್ಯ ಯಾವ ಬಗೆಯದು ಅನ್ನೋದನ್ನು) ಸುಮ್ನೆ ಮತ್ತೆ ಮಾಡುವುದಿಲ್ಲ. ಹಿಂದಿನ ಲೆಕ್ಕ ನೆನಪಿಡುವ ಕೆಲಸ ಸಾಲ್ಸಾ ಲೈಬ್ರರಿಯದು. ಅದಕ್ಕೆ ಜಾಸ್ತಿ ಹೊತ್ತು ಬೇಕು, ಎರಡನೇ ವಾರ ನೋಡೋಣ.

ಬರುವ ಮುಂಚೆ ಕೋಡ್ ಇಳಿಸಿಕೊಂಡು ಒಮ್ಮೆ ಬಿಲ್ಡ್ ಮಾಡಿಡಿ. ಮೊದಲ ವಾರಕ್ಕೆ ಪಾರ್ಸರ್ ಫೋಲ್ಡರ್ ಒಂದನ್ನೇ ನೋಡಿದರೆ ಸಾಕು.