ಬಂಡೆಯ ಮೇಲಿನ ಕೈ ಯಾರದು?

ಸಾಗರ

ಪ್ರೀತಿಯ ತಂಗಿಗೆ, ಆಶೀರ್ವಾದಗಳು.

ಗವಿಚಿತ್ರಗಳ ಕುರಿತ ನಿನ್ನ ಲೇಖನ ಓದಿದೆ. ‘ಆದಿಮಾನವ ಗೋಡೆಗೆ ಅಂಗೈ ಒತ್ತಿ ಸಹಿ ಹಾಕಿದ’ ಎಂಬ ಮೊದಲ ಸಾಲನ್ನು ತೆಗೆದುಬಿಡು. ಬಣ್ಣ ಮೆತ್ತಿದ ಅಂಗೈ ಒತ್ತಿದರೆ ಬರುವುದು ಅಚ್ಚು. ಬರಿಗೈ ಇಟ್ಟು ಸುತ್ತ ಬಣ್ಣ ಊದಿದರೆ ಉಳಿಯುವುದು ಕೈಯ ಖಾಲಿ ಜಾಗ. ಫ್ರಾನ್ಸಿನ ಪೆಶ್ ಮೆರ್ಲ್ ಗವಿಯಲ್ಲಿ ಬರೆದ ಚುಕ್ಕೆಕುದುರೆಗಳ ಸುತ್ತ ಇರುವುದು ಈ ಎರಡನೆಯದು. ‘ಸಹಿ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಬರೆಯುವ ಮುಂಚೆ ಒಮ್ಮೆ ಮಾಡಿ ನೋಡು. ನಮ್ಮ ಮಲೆನಾಡಿನ ಕೆಮ್ಮಣ್ಣಿನ ಕೆಂಪೂ ಆ ಗವಿಗಳ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಎರಡು ಹಿಡಿ ಮಣ್ಣನ್ನು ಒಂದು ಚೊಂಬು ನೀರಿನಲ್ಲಿ ಕದಡಿ ಅರ್ಧ ನಿಮಿಷ ಬಿಡು. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ತಿಳಿನೀರು ಚೆಲ್ಲಿದರೆ ಬೆಣ್ಣೆಯಂಥ ಕೆಸರು ಸಿಗುತ್ತದೆ. ಅದನ್ನು ಮಜ್ಜಿಗೆಯ ಹದಕ್ಕೆ ತಂದು ತೆಳುಬಟ್ಟೆಯಲ್ಲಿ ಸೋಸು. ಬಾಯಲ್ಲಿ ತುಂಬಿಕೊಂಡು ಉಗುಳುವ ಕ್ರಮವೂ ಉಂಟು, ನೀನು ಅದನ್ನು ಮಾಡಬೇಡ. ಎರಡು ಸಣ್ಣ ಕೊಳವೆ ತಗೋ. ಒಂದನ್ನು ಬಣ್ಣದ ಲೋಟದಲ್ಲಿ ನಿಲ್ಲಿಸಿ, ಇನ್ನೊಂದನ್ನು ಅದರ ಮೇಲ್ತುದಿಗೆ ಅಡ್ಡ ಹಿಡಿದು ಬಿಗಿಯಾಗಿ ಊದಿದರೆ ಬಣ್ಣ ತಾನೇ ಮೇಲೇರಿ ತುಂತುರಾಗುತ್ತದೆ.

ನೀರು ಹೆಚ್ಚಾದರೆ ಬಣ್ಣ ಬೆರಳಿನ ಅಡಿಗೆ ಇಳಿಯುತ್ತದೆ. ತೀರಾ ಹತ್ತಿರದಿಂದ ಊದಿದರೆ ಒಂದೇ ಕಡೆ ಮಡುಗಟ್ಟುತ್ತದೆ. ಜಂಬಿಟ್ಟಿಗೆ ಕಲ್ಲಿನ ತೂತುಗಳಲ್ಲಿ ಅಂಚು ಒಡೆಯುತ್ತದೆ, ನಯವಾದ ಕಲ್ಲು ಹುಡುಕು. ನಡುವೆ ಕೈ ಕದಲಿತೋ, ಆರನೇ ಬೆರಳು ಮೂಡೀತು!

ಆಗ ನಿನಗೇ ಗೊತ್ತಾಗುತ್ತದೆ: ಒಂದು ಕೈ ಗೋಡೆಯ ಮೇಲಿದ್ದರೆ ಲೋಟ, ಎರಡು ಕೊಳವೆ ಹಿಡಿಯಲು ಕೈ ಸಾಲುವುದಿಲ್ಲ. ಕೈ ಒಬ್ಬರದು, ಉಸಿರು ಇನ್ನೊಬ್ಬರದು ಆಗಿರಲೂಬಹುದು. ಫ್ರಾನ್ಸಿನದೇ ಆದ ಗಾರ್ಗಾಸ್ ಗವಿಯಲ್ಲಿ ಪುಟ್ಟ ಮಕ್ಕಳ ಕೈಗಳೂ ಇವೆ. ಕೂಸಿನ ಕೈಯನ್ನು ದೊಡ್ಡವರೇ ಹಿಡಿದಿರಬೇಕಲ್ಲ. ಅಲ್ಲಿ ‘ಸಹಿ’ ಯಾರದು? ಹಾಗೆಂದು ಒಬ್ಬ ವ್ಯಕ್ತಿಯ ಗುರುತು ಸಿಗುವುದೇ ಇಲ್ಲವೆಂದಲ್ಲ. 1994ರಲ್ಲಿ ಅದೇ ದೇಶದಲ್ಲಿ ಪತ್ತೆಯಾದ ಶೋವೆ ಗವಿಯಲ್ಲಿ ಕಿರುಬೆರಳು ಸೊಟ್ಟಗಿರುವ ಕೆಂಪು ಕೈಯಚ್ಚು ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತದೆ. ಆ ಸೊಟ್ಟ ಬೆರಳನ್ನು ನಿನ್ನ ಲೇಖನದ ಮೊದಲಿಗೆ ತಾ. ‘ಗುರುತು’ ಎನ್ನು, ಸಾಕು.

ಕಾಲ ಬರೆಯುವಾಗಲೂ ಎಚ್ಚರ. ಇದ್ದಿಲಿನ ಕಪ್ಪನ್ನು ಕಾರ್ಬನ್ ವಿಧಾನದಲ್ಲಿ ಅಳೆಯಬಹುದು, ಕೆಮ್ಮಣ್ಣನ್ನು ಆಗದು. ಅದರ ಮೇಲೆ ಆಮೇಲೆ ಕಟ್ಟಿದ ಸುಣ್ಣದ ಪದರದ ವಯಸ್ಸನ್ನು ಯುರೇನಿಯಂ–ಥೋರಿಯಂನಿಂದ ತಿಳಿಯುತ್ತಾರೆ. ಆದ್ದರಿಂದ ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಒಂದು ಕೈಗುರುತು ‘39,900 ವರ್ಷದ್ದು’ ಅಲ್ಲ, ‘ಕನಿಷ್ಠ 39,900 ವರ್ಷದ್ದು’.

ಹಸೆ ಚಿತ್ತಾರ ಗವಿಚಿತ್ರದ ಮುಂದುವರಿಕೆ ಎಂದು ಬರೆದಿದ್ದೀಯ. ಆ ಕೊಂಡಿಗೆ ಆಧಾರವಿಲ್ಲ, ಬಿಡು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳುಪನ್ನು ಪುಂಡಿನಾರಿನ ಕುಂಚದಲ್ಲಿ ಎಳೆಯುವ ಗೆರೆ ತನ್ನಷ್ಟಕ್ಕೇ ದೊಡ್ಡದು, ಅದಕ್ಕೆ ಬೇರೆ ಲೇಖನವೇ ಬೇಕು.

ಗಂಗಾವತಿ ಹತ್ತಿರದ ಹಿರೇಬೆಣಕಲ್‌ಗೆ ಹೋಗಿ ಬಾ. ಅಲ್ಲಿನ ಚಿತ್ರಗಳಿರುವುದು ಕಲ್ಲಾಸರೆಗಳಲ್ಲಿ, ಅಂದರೆ ಚಾಚಿದ ಬಂಡೆಗಳ ಅಡಿಯ ತೆರೆದ ಆಸರೆಗಳಲ್ಲಿ, ಗುಹೆ ಎಂದು ಬರೆಯಬೇಡ. ಬಣ್ಣ ಎದ್ದು ಕಾಣಲೆಂದು ಯಾರಾದರೂ ಬಂಡೆಗೆ ನೀರು ಎರಚಲು ಹೊರಟರೆ ತಡೆ. ಬೆಳಕು ಸಮನಾಗಿ ಬೀಳುವ ಹೊತ್ತಿಗೆ ಕಾದು ಫೋಟೊ ತೆಗೆ, ಅಳತೆಪಟ್ಟಿಯನ್ನು ಚಿತ್ರಕ್ಕೆ ತಾಗದಂತೆ ಹಿಡಿ.

ತಿದ್ದಿದ ಪ್ರತಿಯನ್ನು ಕಳಿಸು.

ಇಂತಿ,
ನಿನ್ನ ಅಕ್ಕ